ಓಣಿಯ ನೀರು ತಾರಸಿಯಿಂದ ಇಳಿಯುತ್ತದೆ: ನಿವಾಸಿಗಳ ಜೊತೆ ಸೇರಿ ಓಣಿಯನ್ನು ಮಳೆಗೂ ಬಿಸಿಲಿಗೂ ಸಜ್ಜು ಮಾಡುವ ಕ್ರಮ

ಮೊದಲು ಒಂದು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 90 ಮೀಟರ್ ಉದ್ದ, 4 ಮೀಟರ್ ಅಗಲದ ಓಣಿ ಅಂದರೆ 360 ಚದರ ಮೀಟರ್. ಎರಡೂ ಬದಿ ಸೇರಿ 24 ಮನೆಗಳಿದ್ದು, ಪ್ರತಿ ತಾರಸಿಯಲ್ಲೂ 50 ಚದರ ಮೀಟರಿನ ನೀರು ಓಣಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಅದು 1,200 ಚದರ ಮೀಟರ್. ಒಂದು ಗಂಟೆಯಲ್ಲಿ 30 ಮಿ.ಮೀ. ಮಳೆ ಸುರಿಯಿತು. ಹೀರಿ, ಆರಿ ಹೋಗುವ ಹತ್ತನೇ ಒಂದು ಪಾಲನ್ನು ಕಳೆದರೆ, ಓಣಿಯ ಮೈಮೇಲೆ ಬಿದ್ದದ್ದು 9,720 ಲೀಟರ್. ತಾರಸಿಗಳಿಂದ ಇಳಿದದ್ದು 32,400 ಲೀಟರ್. ಒಟ್ಟು ಸುಮಾರು 42,000 ಲೀಟರ್.

ಓಣಿಯಲ್ಲಿ ಹರಿಯುವ ನೀರಿನ ಮುಕ್ಕಾಲು ಪಾಲಿಗೂ ಹೆಚ್ಚು ಖಾಸಗಿ ಸೂರುಗಳದ್ದು. ಎಷ್ಟೇ ಅಗೆದು ಎಷ್ಟೇ ಒಳ್ಳೆಯ ಕಲ್ಲು ಹಾಸಿದರೂ ಎಂಜಿನಿಯರ್ ಹತೋಟಿಯಲ್ಲಿರುವುದು ಉಳಿದ ಕಾಲು ಪಾಲು ಮಾತ್ರ. ತಾರಸಿ, ಇಳಿಪೈಪು, ಹೊಸ್ತಿಲು, ಮನೆ ಮುಂದಿನ ಕಟ್ಟೆ ಎಲ್ಲವೂ ಮನೆಯವರದು. ಕಳೆದ ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು ಎನ್ನುವ ನೆನಪೂ ಅವರದೇ. ಹಾಗಾಗಿ ನಿವಾಸಿಗಳನ್ನು ಒಳಗೊಳ್ಳುವುದು ಸೌಜನ್ಯಕ್ಕೆ ಮಾಡುವ ಕೆಲಸವಲ್ಲ, ನೀರಿನ ಲೆಕ್ಕವೇ ಅದನ್ನು ಕೇಳುತ್ತದೆ. ಕೆಳಗಿನ ಕ್ರಮವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಸಭೆಗಿಂತ ಮೊದಲು ಬಾಗಿಲಿಗೆ ಹೋಗಿ

ಸಭೆ ಕರೆದು ಶುರು ಮಾಡಿದರೆ ಬರುವವರು ಯಾರೆಂದು ಗೊತ್ತೇ ಇರುತ್ತದೆ: ಸ್ವಂತ ಮನೆಯವರು, ಮಾತು ಬಲ್ಲವರು, ಸಂಜೆ ಬಿಡುವಿದ್ದವರು. ನೆಲಮಹಡಿಯ ಬಾಡಿಗೆದಾರರು, ರಾತ್ರಿ ಪಾಳಿಯವರು, ಮಂಚ ಬಿಟ್ಟು ಏಳಲಾರದ ಹಿರಿಯರು ಬರುವುದಿಲ್ಲ. ನೀರು ನುಗ್ಗುವುದು ಹೆಚ್ಚಾಗಿ ಇವರ ಮನೆಗೇ. ಆದ್ದರಿಂದ ಮೊದಲ ಎರಡು ವಾರ ಇಬ್ಬಿಬ್ಬರಾಗಿ ಮನೆಮನೆಗೆ ಹೋಗಿ, ಒಂದೊಂದು ಮನೆಗೆ 15–20 ನಿಮಿಷ ಕೊಡಿ. ಒಂದು ಸುತ್ತು ವಾರದ ದಿನ ಸಂಜೆ, ಇನ್ನೊಂದು ರಜೆಯ ದಿನ ಬೆಳಿಗ್ಗೆ. ಎರಡು ಸಲವೂ ಬೀಗ ಕಂಡ ಮನೆಗೆ ಮೂರನೇ ಸಲ ಬೇರೆ ಹೊತ್ತಿಗೆ ಹೋಗಿ. ಓಣಿ ಗುಡಿಸುವವರು, ಚರಂಡಿ ಹೂಳು ತೆಗೆಯುವವರು, ಕಸದ ಗಾಡಿ ಓಡಿಸುವವರು ಅಲ್ಲಿ ವಾಸವಿಲ್ಲದಿದ್ದರೂ ಅವರನ್ನು ಪಟ್ಟಿಯಲ್ಲಿ ಸೇರಿಸಿ. ಯಾವ ಜಾಲರಿ ಯಾವ ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ ಎಂಬುದು ಅವರಷ್ಟು ಚೆನ್ನಾಗಿ ಕಚೇರಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಅಭಿಪ್ರಾಯ ಕೇಳಬೇಡಿ. "ಓಣಿ ಹೇಗಿದ್ದರೆ ಚೆನ್ನ?" ಎಂದರೆ "ಚೆನ್ನಾಗಿರಲಿ" ಎಂದೇ ಉತ್ತರ ಬರುತ್ತದೆ. ಸಂಗತಿ ಕೇಳಿ. ಐದು ಪ್ರಶ್ನೆ ಸಾಕು. ದೊಡ್ಡ ಮಳೆಗೆ ನೀರು ಎಲ್ಲಿವರೆಗೆ ಬಂದಿತ್ತು? ಎಷ್ಟು ಹೊತ್ತು ನಿಂತಿತ್ತು? ನಿಮ್ಮ ತಾರಸಿಯ ಪೈಪು ಎಲ್ಲಿಗೆ ಬಿಟ್ಟಿದೆ? ಬೇಸಿಗೆಯಲ್ಲಿ ರಾತ್ರಿ ಮಲಗಲಾಗದಷ್ಟು ಕಾಯುವ ಕೋಣೆ ಯಾವುದು? ಓಣಿಯಲ್ಲಿ ಏನನ್ನು ಮುಟ್ಟಬಾರದು?

ನಮ್ಮ ಪ್ರಕಾರ ಕೊನೆಯ ಪ್ರಶ್ನೆಗೆ ಬೆಲೆ ಹೆಚ್ಚು. ಬಟ್ಟೆ ಒಣಗಿಸುವ ತಂತಿ, ಸಂಜೆ ಕೂರುವ ಕಟ್ಟೆ, ಗಾಲಿಕುರ್ಚಿ ಇಳಿಸುವ ಸಣ್ಣ ಇಳಿಜಾರು ಯಾವ ನಕ್ಷೆಯಲ್ಲೂ ಇರುವುದಿಲ್ಲ. ಕೆಲಸ ಶುರುವಾದ ಮೇಲೆ ಜಗಳ ಎದ್ದರೆ ಅದು ಬಹುಪಾಲು ಇಂಥವುಗಳ ಮೇಲೇ.

ಮೊದಲ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. "ಎಲ್ಲಿವರೆಗೆ ಬಂದಿತ್ತಮ್ಮಾ, ಕೈಯಲ್ಲಿ ತೋರಿಸಿ" ಎನ್ನಿ. ಅವರು ಬೆರಳಿಟ್ಟ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಪಕ್ಕದಲ್ಲಿ ಆ ಮಳೆಯ ವರ್ಷ ಬರೆಯಿರಿ. ಓಣಿಯುದ್ದಕ್ಕೂ ಇಂಥ ಹತ್ತು ಗೆರೆ ಸಿಕ್ಕರೆ ನಿಮ್ಮ ಬಳಿ ಒಂದು ಪ್ರವಾಹದ ನಕ್ಷೆ ಇದೆ ಎಂದಾಯಿತು.

ಮಟ್ಟ ಅಳೆಯುವುದು

ಆ ಗೆರೆಗಳು ನಿಜವೇ ಎಂದು ಪರೀಕ್ಷಿಸಲು ದುಬಾರಿ ಉಪಕರಣ ಬೇಡ. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಸಾಕು: 10–15 ಮೀಟರ್ ಉದ್ದ, ಒಳಗೆ 8–10 ಮಿ.ಮೀ. ಅಗಲ. ಒಂದು ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಇನ್ನೊಂದರಿಂದ ಎಳೆದು ನಿಧಾನಕ್ಕೆ ತುಂಬಿಸಿ. ಬೆಳಕಿಗೆ ಹಿಡಿದು ಪೂರ್ತಿ ಉದ್ದ ನೋಡಿ. ಒಂದು ಗುಳ್ಳೆ ಉಳಿದರೂ ಅಳತೆ ಸುಳ್ಳಾಗುತ್ತದೆ. ಪೈಪು ಎಲ್ಲಾದರೂ ಮಡಚಿಕೊಂಡಿದ್ದರೆ ಅಥವಾ ಓದುವಾಗ ತುದಿಯ ಮೇಲೆ ಹೆಬ್ಬೆರಳು ಇದ್ದರೆ ಕೂಡ ಹಾಗೆಯೇ. ಎರಡೂ ತುದಿ ತೆರೆದು, ನೀರು ಕುಣಿಯುವುದು ನಿಂತ ಮೇಲೆ ಓದಿ.

ಅಲುಗಾಡದ ಒಂದು ಕಲ್ಲನ್ನು, ಯಾವುದೋ ಹಳೆಯ ಮೆಟ್ಟಿಲನ್ನು, ಗುರುತಾಗಿ ಆರಿಸಿ ಅದಕ್ಕೆ 1,000 ಸೆಂ.ಮೀ. ಎಂದು ಅಂಕಿ ಕೊಡಿ. ಅಲ್ಲಿಂದ ಐದೈದು ಮೀಟರಿಗೆ ಓಣಿಯ ನಡು ಮತ್ತು ಎರಡು ಅಂಚು, ಪ್ರತಿ ಮನೆಯ ಹೊಸ್ತಿಲು, ಪ್ರತಿ ಮ್ಯಾನ್‌ಹೋಲ್ ಮುಚ್ಚಳ, ಚರಂಡಿಯ ತಳ ಇಷ್ಟನ್ನೂ ಅಳೆದು ಬರೆಯಿರಿ. ನಾಲ್ವರಿದ್ದರೆ ಅರ್ಧ ದಿನದ ಕೆಲಸ. ಪೈಪಿನ ಒಂದು ತುದಿ ಹಿಡಿಯುವುದನ್ನು ಓಣಿಯ ಮಕ್ಕಳಿಗೆ ಬಿಡಿ. ಸಂಜೆಯೊಳಗೆ ಎಲ್ಲ ಮನೆಗೂ ಸುದ್ದಿ ಮುಟ್ಟಿರುತ್ತದೆ.

ಈಗ ಸೀಮೆಸುಣ್ಣದ ಗೆರೆಗಳ ಮಟ್ಟ ನೋಡಿ. ನಿಂತ ನೀರಿನ ಮೈ ಸಪಾಟಾಗಿರುತ್ತದೆ. ಅಕ್ಕಪಕ್ಕದ ಮೂರು ಮನೆಯವರ ಗೆರೆ ಒಂದೇ ಮಟ್ಟಕ್ಕೆ ಬಂದರೆ ಅಲ್ಲಿ ನೀರು ನಿಲ್ಲುತ್ತದೆ. ಗೆರೆಗಳು ಓಣಿಯ ಇಳಿಜಾರಿನ ಜೊತೆಗೇ ಇಳಿದರೆ ಅಲ್ಲಿ ನೀರು ನಿಲ್ಲದೆ ಹರಿದು ಹೋಗಿದೆ. ಒಂದೇ ಒಂದು ಗೆರೆ 30 ಸೆಂ.ಮೀ. ಮೇಲಿದ್ದರೆ ಅದು ಬೇರೆ ಮಳೆಯದ್ದಿರಬಹುದು, ಇಲ್ಲವೇ ಆ ಮನೆಗೆ ನೀರು ಓಣಿಯಿಂದ ಬಂದದ್ದಲ್ಲ, ಹಿತ್ತಲಿನಿಂದಲೋ ಶೌಚದ ಪೈಪಿನಿಂದಲೋ ಬಂದದ್ದು. ಮರಳಿ ಹೋಗಿ ಕೇಳಿ.

ಅಳತೆ ಮುಗಿದ ಮೇಲೆ ಪ್ರತಿ ಮನೆಗೂ ಅವರ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡಿ: "ನಿಮ್ಮ ಹೊಸ್ತಿಲು ಓಣಿಯ ನಡುವಿಗಿಂತ 11 ಸೆಂ.ಮೀ. ಎತ್ತರದಲ್ಲಿದೆ." ಹವಾಮಾನ ಬದಲಾವಣೆಯ ಬಗ್ಗೆ ಒಂದು ಗಂಟೆ ಭಾಷಣ ಮಾಡಿದರೂ ಆಗದ ಕೆಲಸವನ್ನು ಈ ಚೀಟಿ ಮಾಡುತ್ತದೆ.

ಪೈಪು ಎಲ್ಲಿಗೆ ಹೋಗುತ್ತದೆ, ನೆಲ ಎಷ್ಟು ಕುಡಿಯುತ್ತದೆ

ಇಳಿಪೈಪು ಎಲ್ಲಿಗೆ ಸೇರುತ್ತದೆಂದು ಮನೆಯವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ತಿನಿಸಿಗೆ ಹಾಕುವ ಬಣ್ಣವನ್ನು ಒಂದು ಬಕೆಟ್ ನೀರಿಗೆ ಕಲಸಿ ತಾರಸಿಯ ಕಿಂಡಿಗೆ ಸುರಿಯಿರಿ. ಕೆಳಗೆ ಒಬ್ಬರು ಚರಂಡಿ ನೋಡಲಿ, ಇನ್ನೊಬ್ಬರು ಮನೆಯ ಒಳಚರಂಡಿಯ ಚೇಂಬರ್ ನೋಡಲಿ. ಬಣ್ಣ ಚೇಂಬರಿನಲ್ಲಿ ಕಂಡರೆ ಮಳೆನೀರು ಒಳಚರಂಡಿಗೆ ಹೋಗುತ್ತಿದೆ. ಜೋರು ಮಳೆಗೆ ಆ ಪೈಪು ಕಟ್ಟಿಕೊಂಡು, ಓಣಿಯ ಅತಿ ತಗ್ಗಿನ ಮನೆಯ ಶೌಚದಲ್ಲಿ ಹೊಲಸು ಉಕ್ಕುವುದು ಇದರಿಂದ. ತಪ್ಪು ಮೇಲಿನ ಮನೆಯದು, ಅನುಭವಿಸುವುದು ಕೆಳಗಿನ ಮನೆ.

ಇಲ್ಲಿ ಜಾಣ್ಮೆ ಬೇಕು. ಇಂಥ ಮನೆಗಳನ್ನು ಗೋಡೆಯ ನಕ್ಷೆಯಲ್ಲಿ ಕೆಂಪು ಚುಕ್ಕೆ ಇಟ್ಟು ತೋರಿಸಿದರೆ ಮರುದಿನದಿಂದ ಯಾರೂ ತಾರಸಿಗೆ ಹತ್ತಲು ಬಿಡುವುದಿಲ್ಲ. ಪರೀಕ್ಷೆಗೂ ಮೊದಲೇ ಸ್ಥಳೀಯ ಆಡಳಿತದೊಂದಿಗೆ ಮಾತಾಡಿ, "ಇಷ್ಟು ತಿಂಗಳಲ್ಲಿ ಸರಿಪಡಿಸಿಕೊಂಡರೆ ದಂಡವಿಲ್ಲ" ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ. ಆಮೇಲೆ ಒಬ್ಬೊಬ್ಬರ ಹತ್ತಿರ ಅವರ ಮನೆಯಲ್ಲೇ ಮಾತಾಡಿ. ಮ್ಯಾನ್‌ಹೋಲ್ ಒಳಗೆ ಮಾತ್ರ ಯಾರೂ ಇಳಿಯಕೂಡದು, ಯಾರನ್ನೂ ಇಳಿಸಕೂಡದು. ಒಳಗಿನ ವಿಷಾನಿಲ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಮೇಲಿಂದ ನೋಡಿದರೆ ಸಾಕು.

ನೆಲ ಇಂಗಿಸುವ ಶಕ್ತಿ ತಿಳಿಯಲು 30 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ಗುಂಡಿ ತೋಡಿ. ಗುಂಡಿಯ ಗೋಡೆಯನ್ನು ಗುದ್ದಲಿ ನುಣ್ಣಗೆ ಮಾಡಿದ್ದರೆ ಕೆರೆದು ಒರಟು ಮಾಡಿ, ಇಲ್ಲದಿದ್ದರೆ ಜೇಡಿ ಮೆತ್ತಿಕೊಂಡು ನೀರು ಇಳಿಯುವುದಿಲ್ಲ. ತಳಕ್ಕೆ ಎರಡು ಬೆರಳಷ್ಟು ಜಲ್ಲಿ ಹಾಕಿ, ನೀರು ತುಂಬಿ ಪೂರ್ತಿ ಇಂಗಲು ಬಿಡಿ. ಇನ್ನೊಮ್ಮೆ ತುಂಬಿ, ಅಳತೆಪಟ್ಟಿ ನಿಲ್ಲಿಸಿ, ಗಂಟೆಗೆ ಎಷ್ಟು ಮಿ.ಮೀ. ಇಳಿಯಿತು ನೋಡಿ. ಮೊದಲ ತುಂಬಿನ ಅಂಕಿ ಲೆಕ್ಕಕ್ಕಿಲ್ಲ, ಒಣ ಮಣ್ಣು ಯಾವತ್ತೂ ಹೆಚ್ಚು ಕುಡಿಯುತ್ತದೆ. ಓಣಿಯ ಮೂರು ಕಡೆ ಮಾಡಿ. ಹಳೆಯ ಊರಿನ ನೆಲದಲ್ಲಿ ಹತ್ತು ಹೆಜ್ಜೆಗೊಂದು ಬಗೆಯ ತುಂಬುಮಣ್ಣು ಇರುತ್ತದೆ. ಗಂಟೆಗೆ 50 ಮಿ.ಮೀ. ಮೇಲಿದ್ದರೆ ಒಳ್ಳೆಯ ನೆಲ. ಸುಮಾರು 13 ಮಿ.ಮೀ.ಗಿಂತ ಕಡಿಮೆಯಾದರೆ ಇಂಗುವುದನ್ನೇ ನಂಬಬಾರದು. ತಳದಲ್ಲಿ ತೂತಿನ ಪೈಪು ಹಾಕಿ ಹೆಚ್ಚಿನ ನೀರನ್ನು ಹೊರಗೆ ಬಿಡಬೇಕು.

ನೆಲ ಕುಡಿಯುತ್ತದೆ ಅಂದಮಾತ್ರಕ್ಕೆ ಕುಡಿಸಬಾರದು. ಇಂಗುಗುಂಡಿ ಕಟ್ಟಡದ ಬುನಾದಿಯಿಂದ ಕಡಿಮೆ ಅಂದರೂ 3 ಮೀಟರ್ ದೂರವಿರಬೇಕು ಎಂಬುದು ಸಾಮಾನ್ಯ ನಿಯಮ. ಹಳೆಯ ಮಣ್ಣಿನ ಗಾರೆಯ ಗೋಡೆಗಳಾದರೆ ಇನ್ನೂ ದೂರ. ಮಳೆಗಾಲದ ಅಂತರ್ಜಲ ಮಟ್ಟಕ್ಕೂ ಗುಂಡಿಯ ತಳಕ್ಕೂ ಒಂದು ಮೀಟರ್ ಅಂತರ ಬೇಕು. ಆದರೆ 4 ಮೀಟರ್ ಅಗಲದ ಓಣಿಯ ನಟ್ಟನಡುವೆ ನಿಂತರೂ ಗೋಡೆ ಎರಡೇ ಮೀಟರ್ ದೂರ! ಅಗಲ ರಸ್ತೆಯ ಮಾದರಿಯನ್ನು ತಂದು ಓಣಿಗೆ ಹಚ್ಚುವವರು ಎಡವುವುದು ಇಲ್ಲೇ. ಇಕ್ಕಟ್ಟಿನ ಓಣಿಯಲ್ಲಿ ನೀರನ್ನು ಇಂಗಿಸುವುದಕ್ಕಿಂತ ಹಿಡಿದು, ತಡೆದು, ನಿಧಾನಕ್ಕೆ ಬಿಡುವುದು ಕ್ಷೇಮ. ಇಂಗಿಸುವ ಕೆಲಸವನ್ನು ಓಣಿ ಅಗಲವಾಗುವ ಮೂಲೆಗೆ, ಕೊನೆಯ ಖಾಲಿ ಜಾಗಕ್ಕೆ ಇಟ್ಟುಕೊಳ್ಳಿ.

ಬಿಸಿಲಿನ ಅಳತೆ ಇಷ್ಟು ಗೋಜಲಿನದಲ್ಲ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಮಧ್ಯಾಹ್ನ ಎರಡರಿಂದ ಮೂರರ ನಡುವೆ ಮತ್ತು ರಾತ್ರಿ ಹತ್ತಕ್ಕೆ ನೆಲ, ಗೋಡೆ, ಶೀಟಿನ ಸೂರು ಅಳೆಯಿರಿ. ಅದು ತೋರಿಸುವುದು ಮೇಲ್ಮೈಯ ಉಷ್ಣತೆ, ಗಾಳಿಯದಲ್ಲ ಎಂಬುದು ನೆನಪಿರಲಿ. ರಾತ್ರಿಯ ಅಂಕಿಗೆ ಹೆಚ್ಚು ಗಮನ ಕೊಡಿ; ಹಗಲಿಡೀ ಕಾದ ಗೋಡೆ ರಾತ್ರಿ ಬಿಸಿ ಕಕ್ಕುವುದರಿಂದಲೇ ಒಳಗಿನವರಿಗೆ ನಿದ್ದೆ ಬಾರದು.

ಕೂತು ಮಾತಾಡುವುದು

ಸಭೆ ಓಣಿಯಲ್ಲೇ ನಡೆಯಲಿ, ಸಾಧ್ಯವಾದರೆ ನೀರು ನಿಲ್ಲುವ ಜಾಗದಲ್ಲೇ. ಒಂದೂವರೆ ಗಂಟೆ ಮೀರಬಾರದು. ವೇದಿಕೆ, ಮೈಕು ಬೇಡ. ಆರೆಂಟು ಜನಕ್ಕೆ ಒಂದರಂತೆ ಮೇಜು. ಎಲ್ಲರೂ ಒಟ್ಟಿಗಿರುವಾಗ ಬಾಯಿ ಬಿಡದವರು ಸಣ್ಣ ಗುಂಪಿನಲ್ಲಿ ಮಾತಾಡುತ್ತಾರೆ. ಬೇಕಾದರೆ ಹೆಂಗಸರದೇ ಒಂದು ಮೇಜು, ಬಾಡಿಗೆದಾರರದೇ ಒಂದು ಮೇಜು ಇರಲಿ.

ಮೊದಲ ಹತ್ತು ನಿಮಿಷ ಏನು ಬದಲಾಗದು ಎಂಬುದನ್ನು ಹೇಳಿಬಿಡಿ: ಅಗ್ನಿಶಾಮಕ ವಾಹನದ ದಾರಿ, ಮ್ಯಾನ್‌ಹೋಲ್‌ಗಳಿಗೆ ಕೈ ಹಾಕಲು ಬೇಕಾದ ಜಾಗ, ನೆಲದಡಿಯ ತಂತಿ–ಕೊಳವೆ, ಇರುವ ಹಣ. ಹಣದ ಮೊತ್ತವನ್ನು ಅಂಕಿಯಲ್ಲೇ ಹೇಳಿ. ಅಮೆರಿಕದ ನೀತಿ ತಜ್ಞೆ ಶೆರ್ರಿ ಆರ್ನ್‌ಸ್ಟೀನ್ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಬಿಡಿಸಿದ್ದರು. ಕೆಳಗೆ ಜನರನ್ನು ಆಡಿಸುವ ನಾಟಕ, ನಡುವೆ ಬರೀ ಸಲಹೆ ಕೇಳುವುದು, ತುದಿಯಲ್ಲಿ ಜನರದೇ ಹಿಡಿತ. ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. "ಗಿಡ ಎಲ್ಲಿ, ಕಟ್ಟೆ ಎಲ್ಲಿ ಎಂಬುದು ನಿಮ್ಮ ತೀರ್ಮಾನ, ಇಳಿಜಾರು ಎಷ್ಟು ಎಂಬುದು ನಮ್ಮದು" ಎಂದರೆ ಯಾರಿಗೂ ಬೇಸರವಿಲ್ಲ. ಎಲ್ಲವೂ ನಿಮ್ಮ ಕೈಯಲ್ಲಿದೆ ಎಂದು ಹೇಳಿ, ಆಮೇಲೆ ಕೈ ತಿರುಗಿಸಿದರೆ ಎರಡನೇ ಸಭೆಗೆ ಖಾಲಿ ಕುರ್ಚಿಗಳೇ ಗತಿ.

ಮೇಜಿನ ಮೇಲೆ ನೂರರಲ್ಲಿ ಒಂದರ ಅಳತೆಯ ನಕ್ಷೆ ಹಾಸಿ. 90 ಮೀಟರ್ ಓಣಿ 90 ಸೆಂ.ಮೀ. ಆಗುತ್ತದೆ. ಒಂದು ಸೆಂ.ಮೀ. ಅಂದರೆ ಒಂದು ಮೀಟರ್, ಯಾರಿಗೂ ವಿವರಿಸಬೇಕಿಲ್ಲ. ಅದೇ ಅಳತೆಗೆ ರಟ್ಟಿನ ತುಂಡು ಕತ್ತರಿಸಿಡಿ: ಕಾರು, ಬೈಕು, ಕಸದ ಗಾಡಿ, ಸ್ಟ್ರೆಚರ್ ಹಿಡಿದ ಇಬ್ಬರು, ಗಾಲಿಕುರ್ಚಿ, ಬೆಂಚು, ಗಿಡದ ಪಾತಿ, ನೀರಿನ ಡ್ರಮ್ಮು. ತುಂಡು ಕೈಯಲ್ಲಿದ್ದಾಗ ವಾದ ಇಳಿಯುತ್ತದೆ. ನಾಲ್ಕು ಕಾರು ಇಟ್ಟರೆ ಪಾತಿಗೆ ಜಾಗವಿಲ್ಲ ಎಂಬುದು ಹೇಳದೆಯೇ ಕಾಣುತ್ತದೆ. ಮೂರು ಬಣ್ಣದ ಚಿತ್ರ ತೂಗುಹಾಕಿ "ಯಾವುದು ಇಷ್ಟ?" ಎಂದು ಮತ ಹಾಕಿಸುವ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಅಲ್ಲಿ ಆಯ್ಕೆ ಮಾಡುವುದು ಚಿತ್ರವನ್ನು, ಓಣಿಯನ್ನಲ್ಲ.

ಮೇಜಿನಲ್ಲಿ ಒಪ್ಪಿದ್ದನ್ನು ನೆಲದಲ್ಲಿ ನಿಜದ ಅಳತೆಗೆ ಬರೆಯಿರಿ. ಸುಣ್ಣದ ಗೆರೆ, ಖಾಲಿ ಕ್ರೇಟು, ಕುಂಡಗಳಿಂದ ಪಾತಿಯನ್ನೂ ಕಟ್ಟೆಯನ್ನೂ ನಿಲ್ಲಿಸಿ ಎರಡು ವಾರ ಹಾಗೇ ಬಿಡಿ. ಕಸದ ಗಾಡಿ ತಿರುಗುತ್ತದೆಯೇ, ಆಂಬುಲೆನ್ಸ್ ಒಳಬರುತ್ತದೆಯೇ ಓಡಿಸಿ ನೋಡಿ. ಗೇಟು ಹೊರಕ್ಕೆ ತೆರೆಯುತ್ತದೆ, ಮಂಚ ಸಾಗಿಸಲು ಮೂಲೆ ಬೇಕು, ರಾತ್ರಿ ಕುಂಡಕ್ಕೆ ಕಾಲು ತಾಗುತ್ತದೆ ಎಂಬ ಹತ್ತಾರು ದೂರು ಬರುತ್ತವೆ. ಕ್ರೇಟು ಸರಿಸಲು ಒಂದು ನಿಮಿಷ. ಕಟ್ಟಿದ್ದನ್ನು ಒಡೆಯಲು ಒಂದು ವರ್ಷ.

ಪ್ರತಿ ಸಭೆಯಾದ ಹತ್ತು ದಿನದೊಳಗೆ ಓಣಿಯ ಬಾಯಲ್ಲಿ ಒಂದು ಹಾಳೆ ಅಂಟಿಸಿ: ನೀವು ಹೇಳಿದ್ದು, ನಾವು ಮಾಡಿದ್ದು, ಮಾಡದ್ದು ಮತ್ತು ಯಾಕೆ. ಮೂರನೇ ಸಾಲು ಖಾಲಿಯಿದ್ದರೆ ಯಾರೂ ಆ ಹಾಳೆಯನ್ನು ನಂಬುವುದಿಲ್ಲ.

ಎಷ್ಟು ನೀರು ಹಿಡಿಯಬಹುದು: ಸುಳ್ಳು ಭರವಸೆ ಬೇಡ

ಮೊದಲಿನ 42,000 ಲೀಟರಿಗೆ ಮರಳೋಣ. ಮನೆಗೊಂದು 200 ಲೀಟರ್ ಡ್ರಮ್ಮು ಇಟ್ಟರೆ 24 ಮನೆಗೆ 4,800 ಲೀಟರ್. ಆದರೆ ತುಂಬಿದ ಡ್ರಮ್ಮು ಮಳೆಗೆ ಏನೂ ಉಪಯೋಗವಿಲ್ಲ. ಸತತ ಮಳೆಯ ದಿನಗಳಲ್ಲಿ ಅದು ಸದಾ ತುಂಬಿಯೇ ಇರುತ್ತದೆ. ಹಾಗಾಗಿ ಡ್ರಮ್ಮಿನ ನಡುಮಟ್ಟದಲ್ಲಿ 3–4 ಮಿ.ಮೀ. ತೂತು ಕೊರೆದು, ಒಳಬದಿಗೆ ಸಣ್ಣ ಜಾಲರಿ ಕಟ್ಟಿ. ತೂತಿನ ಕೆಳಗಿನ ಅರ್ಧ ಮನೆ ಬಳಕೆಗೆ ಉಳಿಯುತ್ತದೆ. ಮೇಲಿನ ಅರ್ಧ ಕೆಲವೇ ಗಂಟೆಗಳಲ್ಲಿ ಖಾಲಿಯಾಗಿ ಮುಂದಿನ ಮಳೆಗೆ ಕಾಯುತ್ತದೆ. ಲೆಕ್ಕಕ್ಕೆ ಸಿಗುವುದು ಆ ಮೇಲಿನ ಅರ್ಧ ಮಾತ್ರ: 2,400 ಲೀಟರ್, ತಾರಸಿಗಳ ಮೇಲೆ ಸುಮಾರು 2 ಮಿ.ಮೀ. ಮಳೆ. ಮುಚ್ಚಳ ಬಿಗಿಯಾಗಿರಲಿ, ತುಂಬಿ ಹೊರಬೀಳುವ ಪೈಪಿನ ಬಾಯಿಗೆ ಸೊಳ್ಳೆ ನುಸುಳದ ಜಾಲರಿ ಇರಲಿ. ಕಾವಿರುವ ದಿನಗಳಲ್ಲಿ ಸೊಳ್ಳೆಮೊಟ್ಟೆ ರೆಕ್ಕೆ ಬಲಿಯಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ತೆರೆದ ನೀರು ಎಲ್ಲಿ ನಿಂತರೂ 48 ಗಂಟೆಯಲ್ಲಿ ಖಾಲಿಯಾಗುವಂತೆ ವಿನ್ಯಾಸ ಮಾಡುವುದು.

ಓಣಿಯ ನಡುವೆ ಜಲ್ಲಿ ತುಂಬಿದ ಕಂದಕ: 40 ಮೀಟರ್ ಉದ್ದ, 60 ಸೆಂ.ಮೀ. ಅಗಲ, 90 ಸೆಂ.ಮೀ. ಆಳ. ತೊಳೆದ 20–40 ಮಿ.ಮೀ. ಜಲ್ಲಿಯ ಸಂದುಗಳಲ್ಲಿ 35–40 ಶೇಕಡಾ ಖಾಲಿ ಜಾಗ ಇರುತ್ತದೆ, ಅಂದರೆ ಸುಮಾರು 8,000 ಲೀಟರ್. ತೊಳೆಯದ ಜಲ್ಲಿ ಹಾಕಿದರೆ ಅದರ ಪುಡಿಯೇ ತಳದಲ್ಲಿ ಕೂತು ಮೊದಲ ವರ್ಷವೇ ಕಟ್ಟಿಕೊಳ್ಳುತ್ತದೆ. ಗೋಡೆ ಹತ್ತಿರವಿದ್ದರೆ ಎರಡು ಬದಿಗೂ ತಳಕ್ಕೂ ನೀರು ಬಿಡದ ದಪ್ಪ ಹಾಳೆ, ತಳದಲ್ಲಿ ತೂತಿನ ಪೈಪು, ಅದರ ಕೊನೆಗೆ ಕಿರಿದಾದ ಬಾಯಿ. ದೂರವಿದ್ದರೆ ಹಾಳೆಯ ಬದಲು ಬದಿಗಳಿಗೂ ಮೇಲಕ್ಕೂ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕಂದಕಕ್ಕೆ ನೀರು ಇಳಿಯುವ ಮುಂಚೆ 60 ಸೆಂ.ಮೀ. ಚೌಕದ, ಪೈಪಿನ ಬಾಯಿಗಿಂತ 30 ಸೆಂ.ಮೀ. ಆಳವಾದ ಹೂಳುಗುಂಡಿ ಇರಲೇಬೇಕು. ಇದರ ಖರ್ಚು ಉಳಿಸಲು ಹೋದವರು ಕಂದಕವನ್ನೇ ಕಳೆದುಕೊಳ್ಳುತ್ತಾರೆ.

ಓಣಿಯ ಕೊನೆಯಲ್ಲಿ 20 ಚದರ ಮೀಟರಿನ ತಗ್ಗು ಪಾತಿ, 20 ಸೆಂ.ಮೀ. ನೀರು ನಿಲ್ಲುವಷ್ಟು ಆಳ: 4,000 ಲೀಟರ್. ಮಣ್ಣಿನ ಮಿಶ್ರಣಕ್ಕೆ ಅರ್ಧಕ್ಕಿಂತ ಹೆಚ್ಚು ದಪ್ಪ ಮರಳು, ಉಳಿದದ್ದು ಮೇಲ್ಮಣ್ಣು ಮತ್ತು ಕೊಳೆತ ಗೊಬ್ಬರ. ನೀರಿನ ಗಿಡಗಳನ್ನು ತಂದು ನೆಡಬೇಡಿ. ಇಂಥ ಪಾತಿ ವರ್ಷದ ಬಹುಪಾಲು ದಿನ ಒಣಗಿಯೇ ಇರುತ್ತದೆ. ಬರವನ್ನೂ ಎರಡು ದಿನದ ಮುಳುಗನ್ನೂ ತಾಳುವ ಊರಿನದೇ ಹುಲ್ಲು, ಪೊದೆ ಬೇಕು. ಚದರ ಮೀಟರಿಗೆ ಆರರಿಂದ ಒಂಬತ್ತು ಸಸಿ. ತೆಳ್ಳಗೆ ನೆಟ್ಟರೆ ಕಳೆ ಆ ಜಾಗವನ್ನು ಹಿಡಿಯುತ್ತದೆ.

ಒಟ್ಟು ಕೂಡಿಸಿದರೆ 14,000 ಲೀಟರಿನ ಆಸುಪಾಸು, 42,000ದಲ್ಲಿ ಮೂರನೇ ಒಂದು. ಇದನ್ನು ನಿವಾಸಿಗಳ ಮುಂದೆ ಹೀಗೆಯೇ ಹೇಳಿ. ಸಣ್ಣ ಮಳೆ ಓಣಿಯಲ್ಲೇ ಮುಗಿಯುತ್ತದೆ, ದೊಡ್ಡ ಮಳೆಯ ಮೊದಲ ರಭಸ ತಗ್ಗುತ್ತದೆ, ಉಳಿದ ನೀರಿಗೆ ದಾರಿ ಬೇಕು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 2011ರ ಜುಲೈ 2ರಂದು ಮೇಘಸ್ಫೋಟವಾದ ಮೇಲೆ 2012ರಲ್ಲಿ ಮಾಡಿದ ಯೋಜನೆ ಒಪ್ಪಿಕೊಂಡದ್ದು ಇದನ್ನೇ: ನೂರು ವರ್ಷಕ್ಕೊಮ್ಮೆಯ ಮಳೆಗೆ ಬೀದಿಯ ಮೇಲೆ 10 ಸೆಂ.ಮೀ. ನೀರು ಇರಲಿ, ಆದರೆ ಅದು ಮನೆಗೆ ನುಗ್ಗದೆ ಗೊತ್ತುಮಾಡಿದ ದಿಕ್ಕಿಗೆ ಹೋಗಲಿ. ನಿಮ್ಮ ಓಣಿಯಲ್ಲೂ ಕೇಳಬೇಕಾದ ಪ್ರಶ್ನೆ ಅದು: ಎಲ್ಲ ತುಂಬಿದ ಮೇಲೆ ನೀರು ಯಾವ ಬಾಯಿಂದ ಹೊರಗೆ ಹೋಗುತ್ತದೆ, ಅಲ್ಲಿಂದ ಕೆಳಗಿನ ಓಣಿಯವರ ಗತಿ ಏನು? ಅವರನ್ನೂ ಒಂದು ಸಭೆಗೆ ಕರೆಯಿರಿ.

ಕೆಲಸ ನಡೆಯುವಾಗ

ಮೊದಲು ಒಳಚರಂಡಿ, ಕುಡಿಯುವ ನೀರಿನ ಕೊಳವೆ, ತಂತಿಗಳ ದುರಸ್ತಿ. ಮೇಲಿನ ಹಾಸು ಎಲ್ಲಕ್ಕಿಂತ ಕೊನೆಗೆ. ಹಳೆಯ ರಸ್ತೆಯ ಮೇಲೆ ಹೊಸ ಪದರ ಹಾಕಲು ಬಿಡಲೇಬೇಡಿ. ಸಲಕ್ಕೆ ಐದು ಸೆಂ.ಮೀ.ನಂತೆ ಏರುತ್ತಾ ಹೋಗಿಯೇ ಎಷ್ಟೋ ಮನೆಗಳ ಹೊಸ್ತಿಲು ಓಣಿಗಿಂತ ಕೆಳಗಾದದ್ದು. ಹಳೆಯದನ್ನು ಕಿತ್ತು, ಮುಗಿದ ಮಟ್ಟ ಅತಿ ತಗ್ಗಿನ ಹೊಸ್ತಿಲಿಗಿಂತ 15 ಸೆಂ.ಮೀ. ಕೆಳಗೆ ಇರುವಂತೆ ನೋಡಿ. ಎರಡು ಅಂಚಿನಿಂದ ನಡುವಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು, ಉದ್ದಕ್ಕೆ ಮೀಟರಿಗೆ ಅರ್ಧ ಸೆಂ.ಮೀ.ಗೆ ಕಡಿಮೆಯಿಲ್ಲದಂತೆ. ನಡು ತಗ್ಗಾದರೆ ನೀರು ಗೋಡೆಗಳಿಂದ ದೂರ ಉಳಿಯುತ್ತದೆ.

ನೀರು ಇಂಗುವ ಪೇವರ್ ಹಾಕುವುದಾದರೆ ವಾಹನ ಬರುವಲ್ಲಿ 8 ಸೆಂ.ಮೀ., ಕಾಲ್ನಡಿಗೆಗೆ 6 ಸೆಂ.ಮೀ. ದಪ್ಪ. ಕೆಳಗೆ ಐದು ಸೆಂ.ಮೀ. ಸಣ್ಣ ಚಿಪ್ಸಿನ (ಕಲ್ಲುಚೂರಿನ) ಹಾಸಿಗೆ, ಅದರಡಿ ದಪ್ಪ ಜಲ್ಲಿ. ಸಂದುಗಳಿಗೆ 2–5 ಮಿ.ಮೀ. ಚಿಪ್ಸ್ ತುಂಬಬೇಕು. ಅಭ್ಯಾಸಬಲದಿಂದ ಕೆಲಸದವರು ಸಂದಿಗೆ ಮರಳು ಗುಡಿಸಿಬಿಡುತ್ತಾರೆ, ಅಲ್ಲಿಗೆ ನೀರು ಇಂಗುವುದು ನಿಂತಿತು. ಆ ಹಾಸಿನ ಮೇಲೆ ಸಿಮೆಂಟು ಕಲಸುವುದು ಇನ್ನೊಂದು ಅನಾಹುತ. ಮನೆ ದುರಸ್ತಿ ಮಾಡಿಸುವವರಿದ್ದರೆ ಹಾಸು ಹಾಕುವ ಮುಂಚೆಯೇ ಮುಗಿಸಿಕೊಳ್ಳಲು ಹೇಳಿ.

ಹಾಸು ಮುಗಿದ ದಿನ ನಿವಾಸಿಗಳ ಎದುರೇ ಪರೀಕ್ಷೆ ಮಾಡಿ. 30 ಸೆಂ.ಮೀ. ಅಗಲದ ಉಂಗುರವನ್ನು ಮೇಣದ ಪುಟ್ಟಿಯಿಂದ ನೆಲಕ್ಕೆ ಅಂಟಿಸಿ, ಮೊದಲು ಸ್ವಲ್ಪ ನೀರಿನಿಂದ ನೆನೆಸಿ, ಆಮೇಲೆ 18 ಲೀಟರ್ ಸುರಿದು ಪೂರ್ತಿ ಇಳಿಯಲು ಎಷ್ಟು ಹೊತ್ತಾಯಿತು ಬರೆದಿಡಿ. ಅಷ್ಟು ನೀರು ಆ ಉಂಗುರದೊಳಗೆ ಸುಮಾರು 250 ಮಿ.ಮೀ. ಮಳೆಗೆ ಸಮ. ವರ್ಷಕ್ಕೊಮ್ಮೆ ಅದೇ ಜಾಗದಲ್ಲಿ ಮಾಡಿ ಹೋಲಿಸಿದರೆ ಹಾಸು ಎಷ್ಟು ಕಟ್ಟಿಕೊಂಡಿದೆ ಗೊತ್ತಾಗುತ್ತದೆ.

ಅಗೆತವನ್ನು 15 ಮೀಟರಿನ ತುಂಡುಗಳಾಗಿ ಮಾಡಿಸಿ, ಪ್ರತಿ ಬಾಗಿಲಿಗೂ ಹಲಗೆ ಸೇತುವೆ, ರಾತ್ರಿ ದೀಪ. ಎಲ್ಲ ಬಾಗಿಲೂ ಏಕಕಾಲಕ್ಕೆ ಮುಚ್ಚಿಹೋದರೆ ಆರು ತಿಂಗಳು ಗಳಿಸಿದ ವಿಶ್ವಾಸ ಒಂದು ವಾರದಲ್ಲಿ ಹೋಗುತ್ತದೆ.

ನೆರಳಿನ ಬಗ್ಗೆ ಒಂದು ಮಾತು. ನೆಲಕ್ಕೆ ಬಿಳಿ ಬಣ್ಣ ಬಳಿದರೆ ನೆಲ ತಣ್ಣಗಾಗುವುದು ನಿಜ, ಆದರೆ ಆ ಬಿಸಿಲು ನಡೆಯುವವರ ಮುಖಕ್ಕೂ ಎದುರು ಗೋಡೆಗೂ ತಿರುಗುತ್ತದೆ. ಬಿಳಿ ಬಣ್ಣಕ್ಕೆ ತಕ್ಕ ಜಾಗ ತಾರಸಿ. ಓಣಿಗೆ ನೆರಳು ಬೇಕು. ಮರಕ್ಕೆ ಜಾಗವಿಲ್ಲದಲ್ಲಿ 40 ಸೆಂ.ಮೀ. ಅಗಲ–ಆಳದ ತೊಟ್ಟಿಯಿಂದ ಬಳ್ಳಿ ಎಬ್ಬಿಸಿ, ಗೋಡೆಯಿಂದ ಹತ್ತು ಸೆಂ.ಮೀ. ಬಿಟ್ಟು ಕಟ್ಟಿದ ತಂತಿಗೆ ಹಬ್ಬಿಸಿ. ಗೋಡೆಗೇ ಅಂಟಿಕೊಳ್ಳುವ ಬಳ್ಳಿ ಗಾರೆ ಕೀಳುತ್ತದೆ, ಮನೆ ಮಾಲೀಕರು ಮೊದಲ ವರ್ಷವೇ ಕಡಿಸುತ್ತಾರೆ.

ಆಮೇಲೆ ಯಾರು ನೋಡಿಕೊಳ್ಳುತ್ತಾರೆ

ಕೆನಡಾದ ಮಾಂಟ್ರಿಯಲ್ಲಿನ ಹಸಿರು ಓಣಿಗಳಲ್ಲಿ ಅಕ್ಕಪಕ್ಕದವರೇ ಸಮಿತಿ ಕಟ್ಟಿಕೊಂಡು ಕೇಳಿದಾಗ ಆಡಳಿತ ಕಾಂಕ್ರೀಟು ಕಿತ್ತು ಕೊಡುತ್ತದೆ, ಗಿಡದ ಆರೈಕೆ ಆ ಸಮಿತಿಯದು. ಶಿಕಾಗೊ 2006ರಲ್ಲಿ ಶುರು ಮಾಡಿದ ಹಸಿರು ಓಣಿ ಕಾರ್ಯಕ್ರಮದಲ್ಲಿ ನೀರಿಳಿಯುವ ಹಾಸು ಹಾಕಿದ್ದು ನಗರಾಡಳಿತ. ಯಾವ ದಾರಿಯಾದರೂ ಸರಿ, ಕೆಲಸ ಹಂಚಿದ್ದು ಬರಹದಲ್ಲಿರಬೇಕು. ನಮ್ಮ ಸಲಹೆ: ಗಿಡ, ಡ್ರಮ್ಮು, ತಾರಸಿ ಕಿಂಡಿ, ಜಾಲರಿಯ ಮೇಲಿನ ಎಲೆ ನಿವಾಸಿಗಳದು, ಹೂಳುಗುಂಡಿ, ಕಂದಕ, ಹಾಸಿನ ಆಳದ ಸ್ವಚ್ಛತೆ ಆಡಳಿತದ್ದು. ಒಂದು ಜಾಲರಿಗೆ ಮೂರು ಮನೆ ಹೆಸರಿಸಿ. ಒಂದೇ ಮನೆಗೆ ಒಪ್ಪಿಸಿದರೆ ಅವರು ಮನೆ ಖಾಲಿ ಮಾಡಿದ ದಿನವೇ ಜಾಲರಿ ಅನಾಥ. ಹೂಳುಗುಂಡಿಯನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮೊದಲ ತಿಂಗಳಲ್ಲಿ ಪ್ರತಿ ದೊಡ್ಡ ಮಳೆಯಾದ ಮೇಲೆ, ಆಮೇಲೆ ತುಂಬುವ ವೇಗ ನೋಡಿಕೊಂಡು ತೆಗೆಸಿ.

ಹಾಸಿನ ಕಲ್ಲುಗಳಲ್ಲಿ ನೂರಕ್ಕೆ ಮೂರರಂತೆ ಹೆಚ್ಚುವರಿ ತರಿಸಿ ಓಣಿಯಲ್ಲೇ ಇಟ್ಟುಕೊಳ್ಳಿ. ಒಂದಲ್ಲ ಒಂದು ದಿನ ಕೇಬಲ್ಲಿಗೋ ಕೊಳವೆಗೋ ಅಗೆಯಲು ಬಂದೇ ಬರುತ್ತಾರೆ, ಅಗೆದದ್ದನ್ನು ಮಣ್ಣು ತುಂಬಿ ಮೇಲೆ ಕಾಂಕ್ರೀಟು ಬಳಿದು ಹೋಗುತ್ತಾರೆ. ಕೆಲಸ ನಡೆಯುವಾಗಲೇ ಪ್ರತಿ ಪದರಕ್ಕೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಒಂದು ಪ್ರತಿ ಓಣಿಯ ಕಡತದಲ್ಲಿ, ಒಂದು ಪ್ರತಿ ಅಗೆತಕ್ಕೆ ಪರವಾನಗಿ ಕೊಡುವ ಕಚೇರಿಯಲ್ಲಿ ಇರಲಿ.

ಮೊದಲ ಜೋರು ಮಳೆ ನಿಂತ ಕೂಡಲೇ ಸೀಮೆಸುಣ್ಣ ಹಿಡಿದು ಹೊರಡಿ. ಹಳೆಯ ಗೆರೆಗಳ ಪಕ್ಕದಲ್ಲೇ ಹೊಸ ಗೆರೆ ಎಳೆದು ದಿನಾಂಕ, ಆ ದಿನದ ಮಳೆಯ ಮಿ.ಮೀ. ಬರೆಯಿರಿ. ಗೆರೆ ಎಲ್ಲಿ ಇಳಿದಿಲ್ಲವೋ ಆ ಮನೆಯಿಂದಲೇ ಮುಂದಿನ ಸುತ್ತಿನ ಮಾತು ಶುರುವಾಗಲಿ.